ನೀರಿನ ದಿವಾನನನ್ನು ಆಡಿಸಲು ಕಲಿಸಿದವರು

ಕಳೆದ ತಿಂಗಳು ದುಬೈನ ಡಿಸ್ಕವರಿ ಗಾರ್ಡನ್ಸ್‌ನ ಮನೆಯನ್ನು ತೆರವು ಮಾಡಿ ಮಿರ್ದಿಫ್‌ಗೆ ಸ್ಥಳಾಂತರಗೊಳ್ಳುವ ಸಂದರ್ಭದಲ್ಲಿ, ಮಲಗುವ ಕೋಣೆಯ ಕಪಾಟಿನ ಮೇಲಿನಿಂದ ಒಂದು ಕಾಗದದ ಸುರುಳಿ ದೊರೆಯಿತು. ಸದರಿ ಸುರುಳಿಯ ಒಂದು ಬದಿಯಲ್ಲಿ ಯಾವುದೋ ಬಹುಮಹಡಿ ಕಟ್ಟಡದ ಒಳಚರಂಡಿ ನಕ್ಷೆಯಿದ್ದು, ಅದರ ಮೇಲೆ ರದ್ದಾಗಿದೆ ಎಂಬ ಕೆಂಪು ಮುದ್ರೆ ಬಿದ್ದಿತ್ತು. ಮತ್ತೊಂದು ಬದಿಯಲ್ಲಿ ಪೆನ್ಸಿಲಿನಿಂದ ಬರೆದ ಏಳು ನೀರಿನ ತೊಟ್ಟಿಗಳು, ಅವುಗಳನ್ನು ಕೂಡಿಸುವ ಸುರಂಗಗಳು, ಎರಡು ಬಾವಿಗಳು, ಒಂದು ಸೆರೆಮನೆ... ಒಂದು ಮೂಲೆಯಲ್ಲಿ ಎಣ್ಣೆಯ ಕಲೆಯೂ ಇತ್ತು. ಬಿಡಿಸಿದೊಡನೆ ಪೆನ್ಸಿಲ್ ಸೀಸದ ವಾಸನೆ ಬಂದಂತಾಯಿತು. ಇಷ್ಟು ವರ್ಷಗಳ ನಂತರ ಆ ವಾಸನೆ ಉಳಿದಿರುವುದು ಸಾಧ್ಯವಿಲ್ಲವೆಂದು ನನ್ನ ಪತಿ ಹೇಳಿದರು. ಅವರು ಹೇಳಿದ್ದು ಸರಿಯಿರಬಹುದು.

ನಾನು ಬರಹಗಾರ್ತಿಯಲ್ಲ. ಮದುವೆಗೆ ಮುನ್ನ ಕಾರ್ಕಳದ ಒಂದು ಸಹಕಾರ ಸಂಘದಲ್ಲಿ ಕನ್ನಡದ ಪತ್ರಗಳನ್ನೂ, ನಂತರ ದುಬೈನ ಒಂದು ಗುತ್ತಿಗೆ ಕಂಪನಿಯ ಆಡಳಿತ ವಿಭಾಗದಲ್ಲಿ ಇಂಗ್ಲಿಷಿನ ಪತ್ರಗಳನ್ನೂ ಸಿದ್ಧಪಡಿಸುತ್ತ ಬಂದವಳು. ಪತ್ರದ ರೀತಿಯ ಹೊರತು ಬೇರೆ ರೀತಿಯಲ್ಲಿ ಬರೆಯಲು ನನಗೆ ಅಭ್ಯಾಸವಿಲ್ಲ. ಆದಾಗ್ಯೂ ಮೇಲ್ಕಂಡ ನಕ್ಷೆಯನ್ನು ಬರೆದವರ ಬಗ್ಗೆ, ಅವರಿಗೆ ನಾನು ಮಾಡಿದ್ದರ ಬಗ್ಗೆ, ಒಮ್ಮೆಯಾದರೂ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತಿದ್ದೇನೆ.

ಅವರು ನಮ್ಮ ಎದುರುಮನೆಯವರು. ಕುಂದಾಪುರದ ಕಡೆಯವರು. ನಮ್ಮ ಕಂಪನಿಯಲ್ಲಿಯೇ ನಕ್ಷೆಗಾರರಾಗಿದ್ದರು. ಕಟ್ಟಡದೊಳಗೆ ನೀರು ಎಲ್ಲಿಂದ ಬರಬೇಕು, ಕೊಳಕು ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವರ ಉದ್ಯೋಗ. ಅವರ ಪತ್ನಿ ಒಂದು ಚಿಕಿತ್ಸಾಲಯದಲ್ಲಿ ದಾದಿಯಾಗಿದ್ದರು. ಒಬ್ಬಳೇ ಮಗಳು. ನಮಗೆ ಆ ಮನೆಯನ್ನು ಹುಡುಕಿಕೊಟ್ಟವರೂ ಅವರೇ. ಪ್ರತಿದಿನ ಬೆಳಿಗ್ಗೆ ಅವರ ಕಾರಿನಲ್ಲಿಯೇ ನಾನು ಕಚೇರಿಗೆ ಹೋಗುತ್ತಿದ್ದೆ. ಎದುರು ಬಾಗಿಲಿನವರು ಎಂಬ ಸಂಬಂಧಕ್ಕೆ ಈ ಊರಿನಲ್ಲಿ ಎಷ್ಟು ತೂಕವಿದೆ ಎಂಬುದು ಇಲ್ಲಿದ್ದವರಿಗೆ ಮಾತ್ರ ತಿಳಿದೀತು. ಜ್ವರ ಬಂದರೆ ಗಂಜಿ ಬರುವುದು ಆ ಬಾಗಿಲಿನಿಂದ.

ಶುಕ್ರವಾರ ಮಧ್ಯಾಹ್ನ ಊಟದ ನಂತರ ಅವರ ಮನೆಯಲ್ಲಿ ಒಂದು ಆಟ ನಡೆಯುತ್ತಿತ್ತು. ಮೇಜಿನ ಸುತ್ತ ಕುಳಿತು ಮಾತಿನಲ್ಲಿಯೇ ಆಡುವ ಆಟ. ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು ಒಂದು ಕಲ್ಪನೆಯ ರಾಜ್ಯದಲ್ಲಿ ಸಂಚರಿಸುವುದು, ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ದಾಳ ಎಸೆದು ತೀರ್ಮಾನಿಸುವುದು. ಆ ರಾಜ್ಯವನ್ನು ನಿರ್ಮಿಸಿ, ಅದರ ಶತ್ರುಗಳನ್ನೂ ಖಳರನ್ನೂ ಆಡಿಸುವ ಒಬ್ಬರು ಬೇಕು. ಅವರನ್ನು ನಾವು ಸೂತ್ರಧಾರರೆಂದು ಕರೆಯುತ್ತಿದ್ದೆವು. ಆ ಸ್ಥಾನ ಎದುರುಮನೆಯವರದು. ಅವರ ಮಗಳು ಬಿಲ್ಲುಗಾರ್ತಿ. ನಾನು ಗಿಡಮೂಲಿಕೆಯ ವೈದ್ಯೆ. ಉಳ್ಳಾಲದಿಂದ ಬಂದು ಅಲ್ ಕೂಜ್‌ನಲ್ಲಿ ಟೈರ್ ಅಂಗಡಿ ಇಟ್ಟಿದ್ದ ಒಬ್ಬ ಬ್ಯಾರಿ ಸಾಹೇಬರು, ಜುಮ್ಮಾ ನಮಾಜು ಮುಗಿಸಿ ಬಿರಿಯಾನಿಯ ಡಬ್ಬದೊಂದಿಗೆ ಬರುತ್ತಿದ್ದವರು, ಆಟದಲ್ಲಿ ಕಳ್ಳ.

ಎದುರುಮನೆಯವರ ಪತ್ನಿ ಅಡುಗೆಮನೆಯಿಂದಲೇ ನಗುತ್ತಿದ್ದರು. “ಮೂರು ಜನ ದೊಡ್ಡವರು ಕೂತು ಒಂದು ಬಾಗಿಲು ತೆಗಿಲಿಕ್ಕೆ ಎರಡು ಗಂಟೆ! ನಾನಾಗಿದ್ರೆ ಬೆಲ್ ಹೊಡಿತಿದ್ದೆ.”

ಅಂತಹ ಬಾಗಿಲುಗಳೇ ಅವರ ವಿಶೇಷವಾಗಿದ್ದವು. ಈ ಆಟದಲ್ಲಿ ನೆಲದಡಿಯ ಕೋಣೆಗಳ ಚಕ್ರವ್ಯೂಹಕ್ಕೆ ಡಂಜನ್ ಎನ್ನುತ್ತಾರೆ. ಆಡುವವರು ಅದರೊಳಗೆ ಇಳಿದು ತಮ್ಮ ಕಾರ್ಯ ಸಾಧಿಸಿಕೊಂಡು ಬರಬೇಕು. ಕಚೇರಿಯಲ್ಲಿ ರದ್ದಾದ ನಕ್ಷೆಗಳ ಹಿಂಬದಿಯಲ್ಲಿ ಅವರು ಅವುಗಳನ್ನು ಕೈಯಿಂದಲೇ ಬರೆಯುತ್ತಿದ್ದರು, ಮತ್ತು ಬರೆಯುವಾಗ ನಿಜವಾದ ಕಟ್ಟಡಕ್ಕೆ ಕೊಡುವಷ್ಟೇ ಶ್ರದ್ಧೆ ಕೊಡುತ್ತಿದ್ದರು. ಯಾವ ಕೋಣೆಗೂ ಒಂದೇ ಬಾಗಿಲು ಇರಬಾರದು, ಏಕೆಂದರೆ ಒಂದೇ ಬಾಗಿಲಿದ್ದರೆ ಆಡುವವರಿಗೆ ಆಯ್ಕೆಯಿಲ್ಲ. ಹೋದ ದಾರಿ ಸುತ್ತಿ ಎಲ್ಲಿಯಾದರೂ ಬಂದು ಕೂಡಿಕೊಳ್ಳಬೇಕು. ಕಾವಲುಗಾರರು ಊಟ ಎಲ್ಲಿ ಮಾಡುತ್ತಾರೆ, ಶೌಚಕ್ಕೆ ಎಲ್ಲಿಗೆ ಹೋಗುತ್ತಾರೆ ಎಂಬುದು ನಕ್ಷೆಯಲ್ಲಿ ಇಲ್ಲದಿದ್ದರೆ ಅವರ ಪ್ರಕಾರ ಅದು ಕೋಟೆಯಲ್ಲ, ರಟ್ಟಿನ ಡಬ್ಬ. ಮತ್ತು ಗುಂಡಿಗಳು. ಅಂದರೆ ನೆಲ ಕುಸಿಯುವ, ಈಟಿ ಹಾರಿಬರುವ ಗುಪ್ತ ಬೋನುಗಳು. ಅವುಗಳನ್ನೆಲ್ಲ ನಾವು ಗುಂಡಿಯೆಂದೇ ಕರೆಯುತ್ತಿದ್ದೆವು.

ಒಮ್ಮೆ ಸಾಹೇಬರು ಮುಚ್ಚಿದ ಬಾಗಿಲೊಂದರ ಮುಂದೆ ತಾಳ್ಮೆ ಕಳೆದುಕೊಂಡರು. “ಯಲ್ಲಾ, ಸಾಕು. ನಾನು ಒದಿತೇನೆ.”

“ಒದೀರಿ ಸಾಹೇಬ್ರೇ,” ಎಂದರು ಎದುರುಮನೆಯವರು. “ಆದ್ರೆ ಬಾಗಿಲ ಕೆಳಗಿಂದ ನೀರು ಬರ್ತಾ ಉಂಟು.”

“ಎಂತ ನೀರು? ನಿಮ್ಮ ಪ್ಲಂಬಿಂಗ್ ಇಲ್ಲಿಗೂ ತಂದ್ರಾ?” ಎಂದು ಹೇಳಿ ಸಾಹೇಬರು ಒದ್ದೇಬಿಟ್ಟರು. ಬಾಗಿಲಿನ ಆಚೆ ತುಂಬಿದ ತೊಟ್ಟಿಯಿತ್ತು. ಮೂವರೂ ಕೊಚ್ಚಿಹೋದೆವು.

“ಅಪ್ಪಾ! ದಟ್ಸ್ ನಾಟ್ ಫೇರ್!” ಎಂದು ಮಗಳು ಮೇಜು ಗುದ್ದಿದಳು.

“ಫೇರೇ ಮಗಾ. ನೀರು ಕಾಣ್ಸಿದ್ದೆ ನಾನು. ನೀವು ನೋಡ್ಲಿಲ್ಲ. ಸುಳಿವು ಕೊಡದೆ ಇಟ್ರೆ ಅದು ಗುಂಡಿ ಅಲ್ಲ, ಬರೀ ಮೋಸ. ಅಂಥದ್ದು ನಾನು ಇಡುದಿಲ್ಲ.”

ಎರಡು ವರ್ಷಗಳ ಕಾಲ ನಾನು ಆ ಮೇಜಿನಲ್ಲಿ ಕುಳಿತಿದ್ದೆ. ಒಮ್ಮೆಯೂ ಅವರು ಅಂಥದ್ದನ್ನು ಇಡಲಿಲ್ಲ ಎಂಬುದನ್ನು ಈ ಮೂಲಕ ದೃಢೀಕರಿಸುತ್ತೇನೆ.

ಅವರ ಖಳರ ಪೈಕಿ ಅತ್ಯಂತ ದೊಡ್ಡವನು ನೀರಿನ ದಿವಾನ. ಮರುಭೂಮಿಯ ಕೋಟೆಯೊಂದರ ಅಡಿಯಲ್ಲಿ ಏಳು ತೊಟ್ಟಿಗಳು, ಕೋಟೆಯ ಕೆಳಗಿನ ಪೇಟೆಯಲ್ಲಿ ಬಾಯಾರಿದ ಜನ. ದಿವಾನನು ನಾಲ್ಕು ತೊಟ್ಟಿಗಳಿಗೆ ಬೀಗ ಹಾಕಿಟ್ಟಿದ್ದಾನೆ. ನಾವು ಕೆಳಗಿಳಿದು ಆ ಬೀಗಗಳನ್ನು ತೆಗೆಯಬೇಕು. ಕೆಲವು ವಾರ ಆಡಿದ ಮೇಲೆ ನಮಗೆ ತಿಳಿದದ್ದೇನೆಂದರೆ, ಬಾವಿಗಳು ಬತ್ತುತ್ತಿರುವುದು ದಿವಾನನೊಬ್ಬನಿಗೇ ಗೊತ್ತು. ಈಗ ಬೀಗ ತೆಗೆದರೆ ಎಲ್ಲರೂ ಕುಡಿದು ನಂತರ ಎಲ್ಲರೂ ಸಾಯುತ್ತಾರೆಂದು ಅವನ ನಂಬಿಕೆ. ಯಾರು ಸಾಯಬೇಕು ಎಂಬುದನ್ನು ಅವನೇ ತೀರ್ಮಾನಿಸಿ, ಯಾರಿಗೂ ಹೇಳದೆ ಸುಮ್ಮನಿದ್ದಾನೆ.

“ಖಳನಿಗೆ ಕಾರಣ ಇರ್ಬೇಕು,” ಎನ್ನುತ್ತಿದ್ದರು ಅವರು. “ಕ್ಷಮೆ ಇರ್ಬೇಕಂತ ಇಲ್ಲ.” ಊರಿನಲ್ಲಿ ಅವರ ತಂದೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರಂತೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತು ಮಾತಿನಲ್ಲಿಯೇ ಪಾತ್ರವನ್ನು ಕಟ್ಟುವುದು. ಸೋಲುವ ಪಾತ್ರ ಬಂದಾಗ ಅವರ ತಂದೆ ಹೆಚ್ಚು ತಯಾರಾಗಿ ಹೋಗುತ್ತಿದ್ದರಂತೆ. ಎದುರುಮನೆಯವರ ತಯಾರಿಯೂ ಹಾಗೆಯೇ ಇತ್ತು. ಪ್ರತಿ ಶುಕ್ರವಾರ ಆಟಕ್ಕೆ ಮುನ್ನ, ನಾವು ಏನನ್ನೂ ಮಾಡದಿದ್ದರೆ ದಿವಾನನು ಆ ದಿನ ಏನು ಮಾಡುತ್ತಾನೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಮೇಜಿನ ಮಧ್ಯದಲ್ಲಿಡುತ್ತಿದ್ದರು. ಆಟ ಮುಗಿದ ನಂತರ ನಾವೇ ಅದನ್ನು ಒಡೆಯಬೇಕು. ನಮ್ಮ ಉಪಾಯಗಳನ್ನು ಕೇಳಿಸಿಕೊಂಡು ಖಳನ ಯೋಜನೆಯನ್ನು ಬದಲಿಸುವ ಆಸೆ ತಮಗೆ ಬರಬಾರದೆಂದು ತಮಗೆ ತಾವೇ ಹಾಕಿಕೊಂಡ ಕಟ್ಟು ಅದು.

ಎರಡನೇ ವರ್ಷದ ಬೇಸಿಗೆ ಕಳೆದ ಮೇಲೆ ಅವರು ನನಗೂ ಸೂತ್ರಧಾರರ ಕೆಲಸ ಕಲಿಸತೊಡಗಿದರು. ಒಂದು ದಿನವಾದರೂ ತಾವೂ ಸುಮ್ಮನೆ ಆಡುವವರಾಗಿ ಕುಳಿತು ದಿವಾನನನ್ನು ಎದುರಿಸಬೇಕೆಂಬುದು ಅವರ ಆಸೆ. ಪಾಠಗಳು ಕಾರಿನಲ್ಲಿ ನಡೆಯುತ್ತಿದ್ದವು. ಹೊಸಬರು ಮಾಡುವ ತಪ್ಪನ್ನು ಅವರು ಮೊದಲ ದಿನವೇ ತೋರಿಸಿಕೊಟ್ಟರು. ಇಲ್ಲಿ ಗುಂಡಿ ಇದೆಯೇ ಎಂದು ಆಡುವವರು ಕೇಳಿದಾಗ, ಗುಂಡಿ ಇಲ್ಲದಿದ್ದರೆ ಹೊಸಬರು ತಕ್ಷಣ ಇಲ್ಲವೆನ್ನುತ್ತಾರೆ. ಇದ್ದರೆ ತಡವರಿಸುತ್ತಾರೆ. ಆ ತಡವರಿಕೆಯನ್ನೇ ಓದಿ ಆಡುವವರು ಪಾರಾಗುತ್ತಾರೆ.

“ಇದ್ರೂ ಮೂರು ಎಣ್ಸಿ, ಇಲ್ದಿದ್ರೂ ಮೂರು ಎಣ್ಸಿ. ಆಮೇಲೆ ಬಾಯಿ ತೆಗೀರಿ,” ಎಂದರು. ನಂತರ ಶೇಖ್ ಜಾಯೆದ್ ರಸ್ತೆಯ ವಾಹನಸಂದಣಿಯಲ್ಲಿ ನಿಂತಾಗಲೆಲ್ಲ, “ಮೇಡಂ, ಈ ಲೇನಲ್ಲಿ ಗುಂಡಿ ಉಂಟಾ?” ಎಂದು ಗಂಭೀರವಾಗಿ ಕೇಳುವರು. ನಾನು ಮನಸ್ಸಿನಲ್ಲಿಯೇ ಮೂರು ಎಣಿಸಿ ಉತ್ತರಿಸಬೇಕು. ನಗು ಬಂದರೆ ಮೊದಲಿನಿಂದ ಮತ್ತೆ.

ಅದರ ಜೊತೆಗೆ ಇನ್ನೊಂದು ನಿಯಮವಿತ್ತು. ಸೂತ್ರಧಾರರು ಮರೆಮಾಡಬಹುದು, ಹೇಳುವುದಿಲ್ಲವೆನ್ನಬಹುದು, ನೇರವಾಗಿ ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಸುಳ್ಳು ಹೇಳಿದ ದಿನ ಆ ಮೇಜಿನಲ್ಲಿ ಆಡುವುದಕ್ಕೆ ಏನೂ ಉಳಿಯುವುದಿಲ್ಲ ಎನ್ನುತ್ತಿದ್ದರು.

ನಾನು ಬೇಗ ಕಲಿತೆ. “ನಿಮ್ಮ ಮುಖದಲ್ಲಿ ಏನೂ ಕಾಣುದಿಲ್ಲ ಮಾರಾಯ್ತಿ,” ಎಂದು ಒಂದು ದಿನ ಬಹಳ ಸಂತೋಷದಿಂದ ಹೇಳಿದರು. “ನೀವು ನಂಗಿಂತ ಒಳ್ಳೆ ಖಳ ಆಗ್ತೀರಿ.”

ಅದು ಕಚ್ಚಾ ಎಣ್ಣೆಯ ಬೆಲೆ ಕುಸಿದು, ಕಟ್ಟಡಗಳ ಕೆಲಸ ನಿಂತ ವರ್ಷ. ನನ್ನ ಪತಿ ಕೆಲಸ ಮಾಡುತ್ತಿದ್ದ ಸಂಸ್ಥೆ ಮುಚ್ಚಿ ನಾಲ್ಕು ತಿಂಗಳಾಗಿತ್ತು. ಮನೆ ನನ್ನ ಸಂಬಳದ ಮೇಲೆ ನಿಂತಿತ್ತು. ಅಕ್ಟೋಬರ್ ತಿಂಗಳ ಆರಂಭದಲ್ಲಿ ನಮ್ಮ ಆಡಳಿತ ವಿಭಾಗದ ಮುಖ್ಯಸ್ಥರು ನನ್ನನ್ನು ಒಳಗೆ ಕರೆದು, ಕೆಲಸದಿಂದ ತೆಗೆಯಬೇಕಾದವರ ಒಂದು ಪಟ್ಟಿಯನ್ನು ಕೊಟ್ಟು, ಪ್ರತಿಯೊಬ್ಬರಿಗೂ ಪತ್ರದ ಕರಡು ತಯಾರಿಸಿಡಲು ಆದೇಶಿಸಿದರು. ಪತ್ರಗಳು ಮುಂದಿನ ತಿಂಗಳು ಹೊರಡತಕ್ಕದ್ದು. ಅಲ್ಲಿಯವರೆಗೆ ವಿಷಯ ಹೊರಬಿದ್ದರೆ ಹೊರಗೆಡಹಿದವರ ಹೆಸರೂ ಅದೇ ಪಟ್ಟಿಗೆ ಸೇರುತ್ತದೆ ಎಂದು ಅವರು ನಗುತ್ತಲೇ ಹೇಳಿದರು.

ಹನ್ನೊಂದು ಹೆಸರುಗಳಿದ್ದವು. ಏಳನೆಯದು ಎದುರುಮನೆಯವರದು.

ನಾನು ಪತ್ರವನ್ನು ಟೈಪ್ ಮಾಡಿದೆ. ತಮ್ಮ ಸೇವೆಯನ್ನು ಕೃತಜ್ಞತೆಯಿಂದ ಸ್ಮರಿಸುತ್ತ, ಎಂದು ಪ್ರಾರಂಭವಾಗುವ ಪತ್ರ. ಆ ಸಾಯಂಕಾಲ ಅವರದೇ ಕಾರಿನಲ್ಲಿ ಮನೆಗೆ ಬಂದೆ. ದಾರಿಯಲ್ಲಿ ಅವರು ಐದನೇ ತೊಟ್ಟಿಯ ತೂಬಿನ ಬಗ್ಗೆ ಮಾತನಾಡುತ್ತಿದ್ದರು...

ಪತಿಗೆ ಹೇಳಿದೆ. “ಹೇಳ್ಬೇಡ ಮಾರಾಯ್ತಿ,” ಎಂದರು. “ಪಾಪ ಅವ್ರು. ಆದ್ರೆ ನಿಂದೂ ಹೋದ್ರೆ ನಾವು ಎಂತ ಮಾಡುದು?” ಇದನ್ನು ಅವರ ಮೇಲೆ ಹೊರಿಸಲು ಬರೆಯುತ್ತಿಲ್ಲ. ಅವರು ಹಾಗೆ ಹೇಳಲೆಂದೇ ನಾನು ಅವರಿಗೆ ಹೇಳಿದ್ದೆ.

ಸುಮಾರು ಎರಡು ವಾರ ಕಳೆದ ಮೇಲೆ ಎದುರುಮನೆಯವರಿಗೆ ಅಬುಧಾಬಿಯ ಕಂಪನಿಯೊಂದರಿಂದ ಕೆಲಸದ ಕರೆ ಬಂತು. ಖಾಲಿದಿಯಾದಲ್ಲಿ ಕಚೇರಿ. ಹುದ್ದೆ ಒಂದು ಮೆಟ್ಟಿಲು ಮೇಲಿನದು. ಆದರೆ ಮಗಳು ಹತ್ತನೇ ತರಗತಿಯಲ್ಲಿದ್ದಳು. ಪರೀಕ್ಷೆಯ ವರ್ಷ ಶಾಲೆ ಬದಲಿಸುವಂತಿರಲಿಲ್ಲ. ಪತ್ನಿಯ ಕೆಲಸ ದುಬೈನಲ್ಲಿ. ಒಪ್ಪಿಕೊಂಡರೆ ಅವರೊಬ್ಬರೇ ಅಲ್ಲಿ ಹಂಚಿಕೊಂಡ ಕೋಣೆಯಲ್ಲಿದ್ದು ವಾರಕ್ಕೊಮ್ಮೆ ಬಂದು ಹೋಗಬೇಕು. ಒಪ್ಪಿಕೊಳ್ಳದೆ ಇಲ್ಲಿಯ ಕೆಲಸವೂ ಹೋದರೆ ಅವರ ವೀಸಾ ರದ್ದಾಗುತ್ತದೆ. ಮಗಳ ವೀಸಾ ಅವರದರ ಮೇಲೆಯೇ ಇತ್ತು, ಪತ್ನಿಯ ಸಂಬಳಕ್ಕೆ ಅದನ್ನು ವರ್ಗಾಯಿಸಲು ಬರುತ್ತಿರಲಿಲ್ಲ. ಅಂದರೆ ಹುಡುಗಿಯ ಆ ವರ್ಷವೂ ಹೋಗುತ್ತದೆ. ಅಬುಧಾಬಿಯವರು ಭಾನುವಾರದೊಳಗೆ ಉತ್ತರ ಕೇಳಿದ್ದರು.

ಗುರುವಾರ ಸಾಯಂಕಾಲ ಕಾರು ಅಲ್ ಬರ್ಶಾದ ಸಿಗ್ನಲ್ಲಿನಲ್ಲಿ ನಿಂತಿತ್ತು. ಅವರು ರಸ್ತೆಯನ್ನೇ ನೋಡುತ್ತ ಹೇಳಿದರು, “ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಕಂಪನೀಲಿ ಪಟ್ಟಿ ಆಗಿದೆ ಅಂತ ಗುಸುಗುಸು ಉಂಟು. ನೀವು ಕಾಗದ ನೋಡುವವ್ರು. ನನ್ನ ಹೆಸ್ರು ಉಂಟಾ? ಇದ್ರೆ ನಾಳೆಯೇ ಅಬುಧಾಬಿಗೆ ಹೂಂ ಅಂತೇನೆ. ಇಲ್ದಿದ್ರೆ ಮಗಳ ಪರೀಕ್ಷೆ ಮುಗಿಯುವವರೆಗೆ ಇಲ್ಲೇ ಇರ್ತೇನೆ.”

ಒಂದು. ಎರಡು. ಮೂರು.

“ಇಲ್ಲ,” ಎಂದೆ. “ನಾನು ನೋಡಿದ್ದರಲ್ಲಿ ನಿಮ್ಮ ಹೆಸರಿಲ್ಲ.”

ಹೇಳಲಾರೆ ಎಂಬ ಒಂದು ಪದ ಸಾಕಾಗಿತ್ತು. ಅವರು ಕಲಿಸಿದ ನಿಯಮದಲ್ಲಿ ಅದಕ್ಕೆ ಅವಕಾಶವಿತ್ತು. ಆ ಪದದಿಂದಲೇ ಅವರಿಗೆ ಅರ್ಥವಾಗಿಬಿಡುತ್ತಿತ್ತು, ಅರ್ಥವಾದರೆ ಅವರು ಹೊರಡುತ್ತಿದ್ದರು, ಹೊರಟರೆ ಮುಖ್ಯಸ್ಥರು ನನ್ನನ್ನು ಕರೆದು ಕೇಳುತ್ತಿದ್ದರು. ಇಷ್ಟನ್ನೂ ನಾನು ಆ ಮೂರು ಎಣಿಕೆಯೊಳಗೆ ಯೋಚಿಸಿದ್ದೆ. ಇನ್ನೊಂದು ಕಾರಣವನ್ನೂ ಇಲ್ಲಿ ದಾಖಲಿಸಬೇಕು. ಅದನ್ನು ನಾನು ಪತಿಗೂ ಹೇಳಿಲ್ಲ. ಮರುದಿನದ ಆಟದಲ್ಲಿ ಮೊದಲ ಬಾರಿಗೆ ದಿವಾನನನ್ನು ನಾನು ಆಡಿಸುವುದೆಂದು ನಿಶ್ಚಯವಾಗಿತ್ತು. ಲಕೋಟೆಯ ಚೀಟಿಯನ್ನು ನಾನೇ ಬರೆದಿಟ್ಟಿದ್ದೆ. ಆ ಶುಕ್ರವಾರ ಕೆಟ್ಟುಹೋಗುವುದು ನನಗೆ ಬೇಡವಾಗಿತ್ತು. ಒಂದು ಮಧ್ಯಾಹ್ನದ ಆಟ... ಅದನ್ನೂ ನಾನು ತೂಕಕ್ಕೆ ಹಾಕಿದ್ದೆ.

ಅವರು ದೀರ್ಘವಾಗಿ ಉಸಿರು ಬಿಟ್ಟರು. “ಖಲಾಸ್. ಹಾಗಾದ್ರೆ ಅಬುಧಾಬಿ ಬೇಡ.” ಮುಂದೆ ಒಂದು ಕಡೆ ಕಾರು ನಿಲ್ಲಿಸಿ ಇಬ್ಬರಿಗೂ ಕರಕ್ ಚಹಾ ತರಿಸಿದರು. ಬಿಸಿ ಲೋಟವನ್ನು ನನ್ನ ಕೈಗೆ ಕೊಡುತ್ತ, “ನಾಳೆ ನಮ್ಮನ್ನು ಚೆನ್ನಾಗಿ ಸತಾಯಿಸ್ಬೇಕು, ದಿವಾನರೇ,” ಎಂದರು.

ಮರುದಿನ ನಾನು ಆಡಿಸಿದಷ್ಟು ಚೆನ್ನಾಗಿ ಯಾವ ಕೆಲಸವನ್ನೂ ನನ್ನ ಜೀವನದಲ್ಲಿ ಮಾಡಿಲ್ಲ. ಎದುರುಮನೆಯವರು ವಯಸ್ಸಾದ ಸೈನಿಕನೊಬ್ಬನ ಪಾತ್ರ ವಹಿಸಿಕೊಂಡು, ಮಗಳ ಪಕ್ಕದ ಕುರ್ಚಿಯಲ್ಲಿ ಶಾಲೆಯ ಹುಡುಗನಂತೆ ಕುಳಿತಿದ್ದರು. ಅವರೆಲ್ಲರೂ ಐದನೇ ತೊಟ್ಟಿಯವರೆಗೆ ಬಂದು ದಿವಾನನನ್ನು ಮುಖಾಮುಖಿ ಕಂಡರು. ಬಾವಿ ಬತ್ತುತ್ತಿರುವುದನ್ನು ಜನರಿಗೆ ಏಕೆ ತಿಳಿಸಲಿಲ್ಲವೆಂದು ಆ ಸೈನಿಕ ಕೇಳಿದ. ತಿಳಿಸಿದರೆ ಅವರು ಉಳಿಯುತ್ತಿದ್ದರೇ, ಕೋಟೆ ಉಳಿಯುತ್ತಿತ್ತೇ, ಎಂದು ನಾನು ದಿವಾನನ ಪರವಾಗಿ ವಾದಿಸಿದೆ. ಒಂದೂ ಮಾತು ತಡವರಿಸಲಿಲ್ಲ. ಮಾತುಗಳು ತಾವಾಗಿಯೇ ಬಂದವು. ಎಲ್ಲಿಂದ ಬರುತ್ತಿವೆಯೆಂದು ನನಗೆ ತಿಳಿದಿತ್ತು.

ಸಾಹೇಬರು ದಾಳವನ್ನು ಕೈಯಲ್ಲಿ ಹಿಡಿದುಕೊಂಡೇ, “ಅಲ್ಲಾ, ಈ ಅಕ್ಕನನ್ನು ನಾನು ಇಷ್ಟು ದಿನ ಪಾಪದವ್ರು ಅಂತ ಎಣ್ಸಿದ್ದೆ!” ಎಂದರು. ಎದುರುಮನೆಯವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಹೊರಡುವಾಗ ಏಳು ತೊಟ್ಟಿಗಳ ಆ ನಕ್ಷೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟು, ಮುಂದಿನ ಶುಕ್ರವಾರದೊಳಗೆ ಉಳಿದ ಎರಡು ತೊಟ್ಟಿಗಳನ್ನು ಅಭ್ಯಾಸ ಮಾಡಿಕೊಂಡು ಬರಲು ತಿಳಿಸಿದರು.

ಭಾನುವಾರ ಅವರು ಅಬುಧಾಬಿಗೆ ನಿರಾಕರಣೆಯ ಪತ್ರ ಕಳುಹಿಸಿದರು. ಅದರಲ್ಲಿ ಒಂದು ವಾಕ್ಯವನ್ನು ತಿದ್ದಿಕೊಡಲು ಕೇಳಿದ್ದರು. ತಿದ್ದಿಕೊಟ್ಟೆ.

ಬುಧವಾರ, ಹೇಳಿದ್ದಕ್ಕಿಂತ ಮುಂಚೆಯೇ, ಹನ್ನೊಂದು ಪತ್ರಗಳನ್ನೂ ಹೊರಡಿಸಲು ಆದೇಶವಾಯಿತು.

ನಮ್ಮ ಕಚೇರಿಯ ಪತ್ರಗಳ ಕೊನೆಯಲ್ಲಿ, ಎಡಬದಿಯ ತಳದಲ್ಲಿ, ಅತಿ ಸಣ್ಣ ಅಕ್ಷರಗಳ ಒಂದು ಸಾಲು ಇರುತ್ತದೆ. ಕರಡು ತಯಾರಿಸಿದವರ ಹೆಸರಿನ ಮೊದಲಕ್ಷರಗಳು, ಕರಡು ತಯಾರಾದ ದಿನ. ಪತ್ರ ಹೊರಡುವಾಗ ಮೇಲಿನ ದಿನಾಂಕ ಬದಲಾಗುತ್ತದೆ. ತಳದ ಸಾಲು ಹಾಗೆಯೇ ಉಳಿಯುತ್ತದೆ. ಕಡತಕ್ಕೆ ಅನುಕೂಲವಾಗಲೆಂದು ಆ ಪದ್ಧತಿ. ಪತ್ರ ಪಡೆದವರು ಯಾರೂ ಅದನ್ನು ಓದುವುದಿಲ್ಲ. ವರ್ಷಗಳಿಂದ ಟೈಪ್ ಮಾಡುತ್ತ ಬಂದ ನನಗೇ ಅದು ಕಾಣಿಸುತ್ತಿರಲಿಲ್ಲ. ಆದರೆ ನಕ್ಷೆಗಾರರು ಯಾವ ಕಾಗದ ಬಂದರೂ ಮೊದಲು ಅದರ ಅಂಚನ್ನು ನೋಡುತ್ತಾರೆ. ಯಾರು ಬರೆದದ್ದು, ಯಾವ ದಿನ ಬರೆದದ್ದು ಎಂಬುದು ತಿಳಿಯದೆ ಮಧ್ಯದಲ್ಲಿರುವುದನ್ನು ಅವರು ನಂಬುವುದಿಲ್ಲ.

ಆ ಸಾಯಂಕಾಲ ಅವರು ನನಗಾಗಿ ಕಾಯದೆ ಹೊರಟುಹೋಗಿದ್ದರು. ನಾನು ಮೆಟ್ರೋದಲ್ಲಿ ಬಂದು, ಬಸ್ಸು ಹಿಡಿದು, ಮನೆ ತಲುಪಿ ಚೀಲವನ್ನು ಕೆಳಗಿಡುವುದರೊಳಗೆ ಬಾಗಿಲು ತಟ್ಟಿದ ಸದ್ದಾಯಿತು. ಪತ್ರ ಅವರ ಕೈಯಲ್ಲಿತ್ತು. ಬೆರಳು ತಳದ ಸಾಲಿನ ಮೇಲಿತ್ತು.

“ಇದು ನಿಮ್ಮ ಇನಿಶಿಯಲ್ ಅಲ್ವಾ?”

“ಹೌದು.”

“ತಾರೀಕು ಸರಿ ಉಂಟಾ?”

“ಹೌದು,” ಎಂದೆ. ಎಣಿಸಲಿಲ್ಲ.

“ನಾನು ಕಾರಲ್ಲಿ ಕೇಳುವಾಗ ಇದು ಬರ್ದು ಹದಿನೆಂಟು ದಿನ ಆಗಿತ್ತು.” ಅವರ ಧ್ವನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. “ಗುಂಡಿ ತೋಡಿದ್ದು ನೀವಲ್ಲ. ಅದು ನಂಗೆ ಗೊತ್ತುಂಟು. ಒಂದು ಸುಳಿವು ಕೊಡ್ಲಿಕ್ಕೆ ಆಗ್ಲಿಲ್ವಾ ಮಾರಾಯ್ತಿ?”

ನನ್ನ ಪತಿ ಹಿಂದಿನಿಂದ ಬಂದು, “ಸರ್, ಅವಳಿಗೂ ಕೆಲ್ಸ ಉಳ್ಸ್ಕೊಳ್ಬೇಕಿತ್ತು. ನಮ್ಮ ಪರಿಸ್ಥಿತಿ ನಿಮ್ಗೆ ಗೊತ್ತೇ ಉಂಟಲ್ಲ,” ಎಂದರು.

“ಗೊತ್ತುಂಟು,” ಎಂದರು ಅವರು. “ಕಾರಣ ಇಲ್ಲ ಅಂತ ನಾನು ಹೇಳ್ಲಿಲ್ಲ. ದಿವಾನನಿಗೂ ಇತ್ತಲ್ಲ.” ಪತ್ರವನ್ನು ಅದರ ಮಡಿಕೆಯಲ್ಲಿಯೇ ಮಡಚಿ ಜೇಬಿನಲ್ಲಿಟ್ಟುಕೊಂಡು, ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಮ್ಮ ಬಾಗಿಲನ್ನು ಹಾಕಿಕೊಂಡರು.

ಅಬುಧಾಬಿಯ ಹುದ್ದೆಗೆ ಅಷ್ಟರಲ್ಲಿ ಬೇರೆಯವರನ್ನು ತೆಗೆದುಕೊಂಡಾಗಿತ್ತು. ವೀಸಾ ರದ್ದಾದ ಮೇಲೆ ಇದ್ದ ಮೂವತ್ತು ದಿನಗಳಲ್ಲಿ ಅವರು ಹದಿಮೂರು ಕಚೇರಿಗಳಿಗೆ ಹೋಗಿಬಂದರೆಂದು ಸಾಹೇಬರಿಂದ ತಿಳಿಯಿತು. ಆ ವರ್ಷ ಎಲ್ಲಿಯೂ ನಕ್ಷೆಗಾರರು ಬೇಕಾಗಿರಲಿಲ್ಲ. ಅಪ್ಪನೂ ಮಗಳೂ ಊರಿಗೆ ಹೊರಡುವುದೆಂದೂ, ತಾಯಿ ದಾದಿಯರ ವಸತಿಗೃಹಕ್ಕೆ ಹೋಗುವುದೆಂದೂ ತೀರ್ಮಾನವಾಯಿತು. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಯಾವ ಶಾಲೆಯೂ ಹತ್ತನೇ ತರಗತಿಗೆ ಸೇರಿಸಿಕೊಳ್ಳಲಿಲ್ಲ. ಹುಡುಗಿಗೆ ಆ ವರ್ಷ ತಪ್ಪಿಹೋಯಿತು.

ಹೊರಡುವ ವಾರ ಅವರ ಪತ್ನಿ ಬಾಗಿಲು ತಟ್ಟಿ, ನಮ್ಮ ಒಂದು ಸ್ಟೀಲ್ ಡಬ್ಬವನ್ನು ಹಿಂತಿರುಗಿಸಿದರು. ನಮ್ಮ ಕಡೆ ನೆರೆಯವರ ಪಾತ್ರೆಯನ್ನು ಯಾರೂ ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಅಷ್ಟು ವರ್ಷ ಆ ಮನೆಯಿಂದ ಬಂದ ಪ್ರತಿಯೊಂದು ಪಾತ್ರೆಯಲ್ಲಿಯೂ ಏನಾದರೊಂದು ಇರುತ್ತಿತ್ತು. ಆ ಡಬ್ಬವನ್ನು ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಲಾಗಿತ್ತು. ಒಳಗೆ ಏನೂ ಇರಲಿಲ್ಲ. ಅವರು ನನ್ನನ್ನು ನೋಡಿದರು, ನಾನು ಡಬ್ಬವನ್ನು ನೋಡಿದೆ, ಅವರು ಹೋದರು.

ಮಗಳನ್ನು ಕೊನೆಯದಾಗಿ ಕಂಡದ್ದು ಲಿಫ್ಟಿನಲ್ಲಿ. ಕೆಳಗಿಳಿಯುವವರೆಗೂ ಮೊಬೈಲನ್ನೇ ನೋಡುತ್ತಿದ್ದವಳು ಬಾಗಿಲು ತೆರೆದಾಗ ತಲೆಯೆತ್ತಿದಳು. “ಆಂಟಿ, ಯು ವರ್ ರಿಯಲಿ ಗುಡ್ ದಟ್ ಡೇ,” ಎಂದಳು. ವ್ಯಂಗ್ಯವೋ, ನಿಜವಾಗಿಯೂ ಹೇಳಿದಳೋ... ನಾನು ಥ್ಯಾಂಕ್ಸ್ ಎಂದುಬಿಟ್ಟೆ. ಬಾಯಿ ತನ್ನ ಅಭ್ಯಾಸದಂತೆ ಹೇಳಿತು.

ನನ್ನ ಕೆಲಸ ಉಳಿಯಿತು. ಎರಡು ವರ್ಷಗಳಲ್ಲಿ ಬಡ್ತಿಯೂ ದೊರೆಯಿತು. ಬಡ್ತಿಯ ಪತ್ರದಲ್ಲಿ ನನ್ನ ಗೋಪ್ಯತಾಪಾಲನೆಯನ್ನು ವಿಶೇಷವಾಗಿ ಶ್ಲಾಘಿಸಲಾಗಿತ್ತು. ಎದುರುಮನೆಯವರಿಗೆ ನಾನು ಬರೆದ ಕ್ಷಮಾಪಣೆಯ ಕರಡುಗಳು ಹಲವು. ಪ್ರತಿಯೊಂದರಲ್ಲಿಯೂ ಮೂರನೆಯ ವಾಕ್ಯದ ಹೊತ್ತಿಗೆ ನನ್ನ ಅಂದಿನ ಪರಿಸ್ಥಿತಿಯ ವಿವರಣೆ ಪ್ರಾರಂಭವಾಗುತ್ತಿತ್ತು. ಅದನ್ನು ತೆಗೆದರೆ ಪತ್ರದಲ್ಲಿ ಏನೂ ಉಳಿಯುತ್ತಿರಲಿಲ್ಲ. ಒಂದನ್ನೂ ಕಳುಹಿಸಲಿಲ್ಲ.

ಮಿರ್ದಿಫ್‌ಗೆ ಬಂದ ಮೇಲೆ, ಕಾರಿಗೆ ಹೊಸ ಟೈರ್ ಹಾಕಿಸುವ ನೆಪದಲ್ಲಿ ಸಾಹೇಬರಿಗೆ ಫೋನ್ ಮಾಡಿದೆ. ಎದುರುಮನೆಯವರು ಕೆಲವು ವರ್ಷಗಳಿಂದ ಮಸ್ಕತ್‌ನಲ್ಲಿದ್ದಾರೆಂದೂ, ಅಲ್ಲಿಂದಲೇ ಕಂಪ್ಯೂಟರಿನ ಮೂಲಕ ವಾರಕ್ಕೊಮ್ಮೆ ಆಟ ನಡೆಸುತ್ತಾರೆಂದೂ, ಮಗಳು ಈಗ ಉದ್ಯೋಗದಲ್ಲಿದ್ದರೂ ತಪ್ಪದೆ ಸೇರಿಕೊಳ್ಳುತ್ತಾಳೆಂದೂ ಅವರು ತಿಳಿಸಿದರು. ತಾವೂ ಆಡುತ್ತಿರುವುದನ್ನು ಸ್ವಲ್ಪ ಸಂಕೋಚದಿಂದ ಹೇಳಿದರು. ನನಗೂ ಒಂದು ಸ್ಥಾನ ದೊರೆಯಬಹುದೇ ಎಂದು ವಿಚಾರಿಸುವಂತೆ ನಾನು ಕೋರಿಕೊಂಡೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ತಿಳಿಯದು.

ಉತ್ತರ ಬರಲು ಎರಡು ವಾರ ಹಿಡಿಯಿತು. “ಅಕ್ಕ, ಕೇಳಿದೆ,” ಎಂದರು ಸಾಹೇಬರು.

“ಏನಂದ್ರು?”

“ಬೇಡ ಅಂದ್ರು. ಕೋಪದಲ್ಲಿ ಅಲ್ಲ ಆಯ್ತಾ. ಸುಮ್ನೆ, ಬೇಡ ಅಂದ್ರು.”

ಅದು ನ್ಯಾಯವಾದ ಉತ್ತರ. ಅದರ ಮೇಲೆ ಮನವಿ ಸಲ್ಲಿಸುವ ಹಕ್ಕು ನನಗಿಲ್ಲ. ಹತ್ತು ವರ್ಷದಲ್ಲಿ ಈ ಊರಿನಲ್ಲಿ ನನಗೆ ಬೇಕಾದಷ್ಟು ನೆರೆಯವರು ಸಿಕ್ಕಿದ್ದಾರೆ. ಬಾಗಿಲು ತಟ್ಟಿ ಒಳಗೆ ಕರೆದು ಏನನ್ನಾದರೂ ಕಲಿಸಿದವರು ಮತ್ತೆ ಸಿಗಲಿಲ್ಲ. ಇಷ್ಟಾದರೂ ಫೋನ್ ಇಡುವ ಮುನ್ನ, ಕೇಳಬಾರದ್ದನ್ನು ಕೇಳಿದೆ. “ಈಗಿನ ಆಟದಲ್ಲಿ ಖಳ ಯಾರು ಸಾಹೇಬ್ರೇ? ಯಾರ ಹಾಗೆ ಇದ್ದಾನೆ?”

ಸಾಹೇಬರು ಒಂದು ಕ್ಷಣವೂ ಯೋಚಿಸಲಿಲ್ಲ. “ಅದು ಹೇಳ್ಲಿಕ್ಕೆ ಆಗುದಿಲ್ಲ ಅಕ್ಕ. ಆಟದಲ್ಲಿ ಕೂತವ್ರಿಗೆ ಮಾತ್ರ,” ಎಂದರು. ನಂತರ, ಟೈರ್ ಹಾಕಿಸಲು ಯಾವತ್ತು ಬರುತ್ತೀರೆಂದು ಕೇಳಿದರು.

ದಿನ ಹೇಳಿ ಫೋನ್ ಇಟ್ಟೆ. ಹೇಳಬಾರದ್ದನ್ನು ಸಾಹೇಬರು ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಅಷ್ಟು ಸುಲಭವಾಗಿತ್ತು ಅದು.